ಅವಸರದಣ್ಣನ ನೀಲಿ ಅಂಗೈ

ಮಳೆ ಹಿಡಿದುಕೊಂಡರೆ ಬೇರೆಯವರು ಬಾಗಿಲು ಮುಂದೆ ಮಾಡಿಕೊಂಡು ಬೆಚ್ಚಗೆ ಕೂರಬಹುದು. ಕುರಿ ಸಾಕುವವರಿಗೆ ಆ ಸುಖವಿಲ್ಲ. ಹೊಲದ ಹುಲ್ಲು ನೀರು ಕುಡಿದು ಚಪ್ಪೆಯಾಗುತ್ತದೆ, ದೊಡ್ಡಿಯ ನೆಲ ಕೆಸರಾಗುತ್ತದೆ, ಗೋದಲಿಗೆ ಇವತ್ತು ಏನು ಹಾಕುವುದು ಎಂಬ ಯೋಚನೆ ಬೆಳಗಾಗುವ ಮೊದಲೇ ಎದ್ದು ಕೂತಿರುತ್ತದೆ. ಆ ವರ್ಷ ಗಾಳಿಮಳೆ ನಲವತ್ತು ದಿನ ಬಿಡಲಿಲ್ಲ. ನಲವತ್ತು ದಿನವೂ ಅವಸರದಣ್ಣ ಒಂದು ಕಡೆ ಕೂರಲಿಲ್ಲ.

ಅವಸರದಣ್ಣ ಎಂಬುದು ಊರವರು ಇಟ್ಟ ಹೆಸರು. ಚಹಾ ಕುದಿಯುವ ಮೊದಲೇ ಲೋಟ ಹಿಡಿದು ನಿಲ್ಲುವ ಮನುಷ್ಯ. ಐದು ತಿಂಗಳಿಗೆ ಹುಟ್ಟಬೇಕಾದ ಮರಿಯನ್ನು ಈತ ನಾಲ್ಕಕ್ಕೇ ಹೊರಗೆ ಕರೆಯುತ್ತಾನೆ ಎಂದು ಅವನ ಹೆಂಡತಿ ಆಡಿಕೊಳ್ಳುತ್ತಿದ್ದಳು. ಅವನ ದೊಡ್ಡಿಯಲ್ಲಿ ಮೂವತ್ತೊಂದು ಹೆಣ್ಣು ಕುರಿ, ಒಂದು ಬೀಜದ ಟಗರು. ಆ ಟಗರಿನ ಜೊತೆಗೇ ಹುಟ್ಟಿದ ಇನ್ನೊಂದು ಟಗರು ಎದುರು ಮನೆಯ ಅವನ ಅಕ್ಕನ ಹತ್ತಿರ ಬೆಳೆದಿತ್ತು. ಒಂದೇ ತಾಯಿಯ ಹಾಲು ಕುಡಿದ ಅವಳಿ. ಎರಡನ್ನೂ ಪಕ್ಕದಲ್ಲಿ ನಿಲ್ಲಿಸಿದರೆ ಮಾತ್ರ ಯಾರೂ ಅಣ್ಣ ತಮ್ಮ ಎನ್ನುತ್ತಿರಲಿಲ್ಲ.

ಮಳೆ ಶುರುವಾದ ವಾರದಲ್ಲೇ ಅವನು ತನ್ನ ಟಗರನ್ನು ಅಡುಗೆಮನೆ ಗೋಡೆಗೆ ಒತ್ತಿಕೊಂಡಿದ್ದ ಚಿಕ್ಕ ಕೋಣೆಗೆ ತಂದು ಕಟ್ಟಿದ. ಕಿಟಕಿಗೆ ಗೋಣಿಚೀಲ ಹೊಡೆದ. ಸಂತೆಯಿಂದ ಮೆಕ್ಕೆಜೋಳದ ನುಚ್ಚು, ಹಿಂಡಿ ತಂದು ಒಟ್ಟಿದ. ಮೊದಲ ದಿನವೇ ಗೋದಲಿ ತುಂಬ ಆ ಕೈತಿಂಡಿ ಸುರಿದ, ಸಂಜೆಗೆ ಮತ್ತೊಮ್ಮೆ. ಒಣಹುಲ್ಲನ್ನು ಟಗರು ಮೂಸಿ ಬಿಟ್ಟಿತು. ಹುಲ್ಲು ಯಾರಿಗೆ ಬೇಕು ಎಂದು ಅವನು ಅದನ್ನು ಕಾಲಡಿ ಹಾಸಲು ಎಳೆದುಬಿಟ್ಟ. ತಿಂಗಳಲ್ಲಿ ಟಗರಿನ ಬೆನ್ನು ಮಂಚದ ಹಾಗೆ ಅಗಲವಾಯಿತು. ಮೈ ಮಿರಮಿರ ಮಿಂಚಿತು. ಅವನು ಅದಕ್ಕೆ ಸಾಹುಕಾರ ಎಂದು ಹೆಸರಿಟ್ಟ.

ಅಕ್ಕನ ಲೆಕ್ಕಾಚಾರವೇ ಬೇರೆ. ಹುಲ್ಲು ಹೂವಿಗೆ ಬಂದಾಗಲೇ ಕೊಯ್ದು, ಚೆನ್ನಾಗಿ ಒಣಗಿಸಿ, ಮನೆಯ ಮುಂದಿನ ಕೋಣೆಗೆ ಸೂರಿನವರೆಗೆ ತುಂಬಿಕೊಂಡಿದ್ದಳು. ತಾನು ಅಡುಗೆಮನೆಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದಳು. ಟಗರಿಗೆ ಮನೆ ಬಿಟ್ಟುಕೊಟ್ಟು ಅಕ್ಕ ಅಡುಗೆಮನೆಗೆ ಬಾಡಿಗೆಗೆ ಹೋಗಿದ್ದಾಳೆ ಎಂದು ತಮ್ಮ ಊರೆಲ್ಲ ಹೇಳಿಕೊಂಡು ನಕ್ಕ. ಅವಳು ದಿನಕ್ಕೆ ಮೂರು ಹೊತ್ತು ಒಣಮೇವು ಹಾಕುತ್ತಿದ್ದಳು, ಮಳೆ ಸ್ವಲ್ಪ ಹೊಳವಾದರೆ ಟಗರನ್ನು ದಿಬ್ಬದ ಮೇಲೆ ಒಂದು ಸುತ್ತು ನಡೆಸಿಕೊಂಡು ಬರುತ್ತಿದ್ದಳು. ಕೈತಿಂಡಿ ಎಂದರೆ ಒಂದು ಬೊಗಸೆ, ಅದೂ ಹುಲ್ಲು ತಿಂದ ಮೇಲೆ. ಕೆಸರು ಮೆತ್ತಿದ ಆ ಟಗರಿಗೆ ಹೆಸರಿಟ್ಟವನೂ ತಮ್ಮನೇ. ಬಡಕಲ.

ಒಂದು ಸಂಜೆ ಅಕ್ಕ ಅವನ ಕೋಣೆಯ ಬಾಗಿಲಲ್ಲಿ ನಿಂತು ಸಾಹುಕಾರನನ್ನು ಬಹಳ ಹೊತ್ತು ನೋಡಿದಳು.

"ನೀನು ಟಗರನ್ನ ಸಾಕ್ತಾ ಇಲ್ಲ ಕಣೋ, ಕೊಬ್ಬಿಸ್ತಾ ಇದ್ದೀಯ," ಎಂದಳು. "ಇದು ಕುರಿ ಹಿಂದೆ ಓಡಬೇಕಾದ ಪ್ರಾಣಿ. ಬಾಗಿಲವರೆಗೆ ನಡೆಯೋಕೇ ಏದುಸಿರು ಬಿಡ್ತಾ ಇದೆ."

"ನಿನ್ನ ಬಡಕಲನ ಪಕ್ಕೆಲುಬಿನ ಮೇಲೆ ಬಟ್ಟೆ ಒಗೀಬಹುದು ಅಕ್ಕಾ. ಮೊದಲು ಅದನ್ನ ನೋಡ್ಕೋ."

ಅಕ್ಕ ತಿರುಗಿ ತನ್ನ ಮನೆಗೆ ನಡೆದಳು. ಮಾತು ಬೆಳೆಸದೆ ಹೊರಟುಹೋಗುವುದು ಅವಳ ಹಳೆಯ ಅಭ್ಯಾಸ, ಅದರಿಂದಲೇ ತಮ್ಮನಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಅದೇ ಬೀದಿಯಲ್ಲಿ ಕಂಬಳಿ ಅಜ್ಜಿಯ ಮನೆ. ಅಜ್ಜಿಗೆ ಇದ್ದದ್ದು ಒಂದು ಮಗ್ಗ, ಒಂಬತ್ತು ಕುರಿ. ಆ ಒಂಬತ್ತರ ಉಣ್ಣೆಯೇ ಮಗ್ಗಕ್ಕೆ, ಆ ಒಂಬತ್ತರ ಮರಿಯೇ ಮನೆಗೆ. ಟಗರು ಮಾತ್ರ ಇರಲಿಲ್ಲ. ಮಳೆ ನಿಲ್ಲುವ ಹೊತ್ತಿಗೆ ಯಾವ ಟಗರಿನ ಹತ್ತಿರ ಕುರಿ ಬಿಡಲಿ ಎಂದು ಅಜ್ಜಿ ಎರಡೂ ಮನೆಗೆ ಬಂದು ನೋಡಿದಳು. ಕಣ್ಣು ಯಾವ ಕಡೆ ವಾಲುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ಈಗ ಗಬ್ಬ ನಿಂತರೆ ಮರಿಗಳು ಹೊಸ ಹುಲ್ಲಿಗೆ ಹುಟ್ಟುತ್ತವೆ, ತಡವಾದರೆ ಬೋಳು ನೆಲಕ್ಕೆ ಹುಟ್ಟಿ ತಾಯಿಯ ಕೆಚ್ಚಲಲ್ಲಿ ಹಾಲಿಲ್ಲದೆ ಸಾಯುತ್ತವೆ ಎಂದು ಅಜ್ಜಿ ಹೇಳಿದಳು. ಬೆದೆಯ ಒಂದು ಸುತ್ತೂ ತಪ್ಪುವುದಿಲ್ಲ ಎಂದು ಅವಸರದಣ್ಣ ಎದೆ ತಟ್ಟಿ ಮಾತು ಕೊಟ್ಟ. ಅಜ್ಜಿಯ ಒಂಬತ್ತು ಕುರಿ ಅವನ ದೊಡ್ಡಿಗೆ ಬಂದವು.

ಮಳೆ ನಿಂತದ್ದೇ ತಡ, ಸೆಕೆ ಬಂದು ಕೂತಿತು. ಗಾಳಿಯಿಲ್ಲದ, ಅಂಟಂಟು ಸೆಕೆ. ಕುರಿಗಳು ಬೆದೆಗೆ ಬರತೊಡಗಿದವು.

ಇಲ್ಲಿ ಅವರ ಕೆಲಸದ ಒಂದು ಕ್ರಮ ಹೇಳಬೇಕು. ಟಗರನ್ನು ಕುರಿಗಳ ನಡುವೆ ಬಿಡುವ ಮೊದಲು ಅದರ ಎದೆಗೆ ಎಣ್ಣೆಯಲ್ಲಿ ಕಲಸಿದ ಬಣ್ಣ ಬಳಿಯುತ್ತಾರೆ. ಟಗರು ಹಾರಿದ ಕುರಿಯ ಬೆನ್ನ ಹಿಂಭಾಗಕ್ಕೆ ಬಣ್ಣ ಹತ್ತುತ್ತದೆ. ಹದಿನೇಳು ದಿನ ಕೆಂಪು. ಹದಿನೆಂಟನೆಯ ದಿನ ಬಣ್ಣ ಬದಲಿಸಿ ನೀಲಿ. ಗಬ್ಬ ನಿಂತ ಕುರಿ ಮತ್ತೆ ಬೆದೆಗೆ ಬರುವುದಿಲ್ಲ, ಅದರ ಮೇಲೆ ಕೆಂಪೊಂದೇ ಉಳಿಯುತ್ತದೆ. ಗಬ್ಬ ನಿಲ್ಲದ ಕುರಿ ಹದಿನೇಳು ದಿನಕ್ಕೆ ಮತ್ತೆ ಟಗರಿನ ಹತ್ತಿರ ಬರುತ್ತದೆ. ಕೆಂಪಿನ ಮೇಲೆ ನೀಲಿ ಬಿತ್ತು ಎಂದರೆ ಮೊದಲ ಸುತ್ತು ದಂಡ ಎಂದು ಅರ್ಥ.

ಹದಿನೇಳು ದಿನದಲ್ಲಿ ನಲವತ್ತು ಕುರಿಗೂ ಕೆಂಪು ಬಿತ್ತು. ಅವಸರದಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಲವತ್ತಕ್ಕೆ ನಲವತ್ತು ಎಂದು ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದ, ಅಕ್ಕನ ಬಾಗಿಲಲ್ಲಿ ಎರಡು ಸಲ ಹೇಳಿದ. ಇನ್ನು ನೀಲಿ ಗೀಲಿ ಯಾಕೆ ಎಂದೂ ಅಂದ. ಆದರೆ ಹೆಂಡತಿ ಪಟ್ಟು ಬಿಡಲಿಲ್ಲ, ಅವಳೇ ನೀಲಿ ಕಲಸಿ ಸಾಹುಕಾರನ ಎದೆಗೆ ಬಳಿದಳು.

ಮರುದಿನ ಬೆಳಕು ಹರಿಯುವಾಗ ಅವನು ದೊಡ್ಡಿಗೆ ಹೋದ. ಕಿವಿ ಹರಿದ ಕುರಿಯ ಬೆನ್ನ ಹಿಂದೆ ನೀಲಿ ಇತ್ತು.

ಒಂದು ತಾನೇ ಅಂದುಕೊಂಡ. ಇನ್ನೂ ಎರಡು ಕಣ್ಣಿಗೆ ಬಿದ್ದವು. ಯಾರಾದರೂ ನೋಡುತ್ತಿದ್ದಾರೆಯೇ ಎಂದು ಹಿಂದೆ ತಿರುಗಿ ನೋಡಿದ. ಆಮೇಲೆ, ಕುರಿ ಸಾಕುವವನು ಯಾವತ್ತೂ ಮಾಡಬಾರದ ಕೆಲಸ ಮಾಡಿದ. ಮೂರನ್ನೂ ಹಿಂದಿನ ಕಲ್ಲುಬಾನಿಯ ಹತ್ತಿರ ಎಳೆದುಕೊಂಡು ಹೋಗಿ, ಬಟ್ಟೆ ಸೋಪು ಹಾಕಿ ನೀಲಿಯನ್ನು ಉಜ್ಜಿ ತೊಳೆದ. ಉಣ್ಣೆಯೊಳಗೆ ಉಳಿದ ಚೂರುಪಾರಿಗೆ ಕೆಸರು ಸವರಿದ. ಬಣ್ಣ ಹೋದರೆ ಸುದ್ದಿಯೂ ಹೋಯಿತು ಎಂದು ಅವನ ಮನಸ್ಸು ನಂಬಿತು. ಆ ಗಳಿಗೆಯಲ್ಲಿ ಯಾರ ಮನಸ್ಸಾದರೂ ಹಾಗೇ ನಂಬುತ್ತಿತ್ತೇನೋ.

ಮರುದಿನ ಎರಡು. ಅದರ ಮರುದಿನ ಮೂರು. ಅವನಿಗೆ ಊಟ ಸೇರಲಿಲ್ಲ. ಕೂತರೆ ಏಳಬೇಕು, ಎದ್ದರೆ ದೊಡ್ಡಿಗೆ ಹೋಗಬೇಕು, ಹೋದರೆ ಹಿಂದಿರುಗಿ ಬರಬೇಕು. ಯಾಕ್ರೀ ಇಷ್ಟು ಬೇಗ ಏಳ್ತೀರಿ ಎಂದು ಹೆಂಡತಿ ಕೇಳಿದರೆ ನರಿಯ ಕಾಟ ಎಂದ. ನರಿ ಸೋಪು ಯಾಕೆ ತಿನ್ನುತ್ತಿದೆ ಎಂದು ಅವಳು ಕೇಳಿದಳು, ಅವನು ಕೇಳಿಸದವನ ಹಾಗೆ ಹೊರಗೆ ನಡೆದ. ಸಾಹುಕಾರ ಇನ್ನಷ್ಟು ಸುಸ್ತಾಗಿದ್ದಾನೆ ಎಂದು ಅವನಿಗೆ ಅನ್ನಿಸಿತು. ಅನ್ನಿಸಿದ್ದೇ ತಡ ಇನ್ನೊಂದು ಪುಟ್ಟಿ ನುಚ್ಚು ಸುರಿದ.

ಐದನೆಯ ದಿನ ಮಧ್ಯಾಹ್ನ ಕಂಬಳಿ ಅಜ್ಜಿ ಬಂದಳು. ಕುರಿ ನೋಡಿಕೊಂಡು ಹೋಗೋಣ ಎಂದು ಬಂದವಳು ಜಗುಲಿಯ ಮೇಲೆ ಕೂತು, ಚೀಲದಿಂದ ಬಿಳಿ ಉಣ್ಣೆ ನೂಲಿನ ಲಡಿ ತೆಗೆದಳು. ಉಂಡೆ ಸುತ್ತಬೇಕಿತ್ತು. ಅವಸರದಣ್ಣ ಕಂಬದಿಂದ ಕಂಬಕ್ಕೆ ಓಡಾಡುತ್ತಿದ್ದ.

"ನಿನ್ನ ಓಡಾಟ ನೋಡಿ ನನಗೆ ತಲೆ ತಿರುಗ್ತಾ ಇದೆ. ಬಾ ಮಗಾ, ಎರಡೂ ಕೈ ಹಿಡಿ."

ಅವನು ಯೋಚಿಸದೆ ಎರಡೂ ಕೈ ಮುಂದೆ ಚಾಚಿದ. ಅಜ್ಜಿ ಲಡಿಯನ್ನು ಅವನ ಕೈಗಳಿಗೆ ಸಿಕ್ಕಿಸಿ ಉಂಡೆ ಸುತ್ತತೊಡಗಿದಳು. ಸೆಕೆಗೆ ಅವನ ಅಂಗೈ ಬೆವೆತಿತ್ತು. ಹತ್ತು ಸುತ್ತು ಆಗಿರಬಹುದು, ಅಜ್ಜಿಯ ಕೈ ನಿಂತಿತು. ಬಿಳಿ ನೂಲಿಗೆ ನೀಲಿ ಹತ್ತಿತ್ತು. ಅವಳು ಅವನ ಅಂಗೈ ತಿರುಗಿಸಿ ನೋಡಿದಳು. ಗೆರೆಗೆರೆಯಲ್ಲೂ ನೀಲಿ ಕೂತಿತ್ತು, ಉಗುರಿನ ಸಂದಿಯಲ್ಲೂ.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅವಳಿಗೂ ಕಂಡಿತು.

"ಎಷ್ಟು ಕುರಿ?" ಅಜ್ಜಿ ಕೇಳಿದಳು.

"ಹನ್ನೊಂದು."

"ನನ್ನವು?"

"ಮೂರು ಅಜ್ಜಿ."

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಅವನು ಉಸಿರು ಬಿಡುತ್ತಿದ್ದ. ಅವಳು ಮತ್ತೆ ಉಂಡೆ ಸುತ್ತತೊಡಗಿದಳು, ಅದೇ ನಿಧಾನದಲ್ಲಿ, ಲಡಿ ಮುಗಿಯುವವರೆಗೂ. ಅಷ್ಟು ಹೊತ್ತೂ ಅವನು ನೀಲಿ ಅಂಗೈಗಳನ್ನು ಎತ್ತಿ ಹಿಡಿದು ನಿಲ್ಲಬೇಕಾಯಿತು. ಕೈ ಇಳಿಸುವಂತಿಲ್ಲ, ಓಡುವಂತಿಲ್ಲ. ಅವನ ಜೀವಮಾನದಲ್ಲಿ ಅಷ್ಟು ಉದ್ದದ ಮಧ್ಯಾಹ್ನ ಇನ್ನೊಂದು ಬಂದಿರಲಿಲ್ಲ.

ಡಾಕ್ಟರಮ್ಮನಿಗೆ ಫೋನ್ ಮಾಡಿದವಳು ಹೆಂಡತಿ. ಸುತ್ತಲಿನ ಹತ್ತೂರಿನ ದನಕುರಿಗೆಲ್ಲ ಒಬ್ಬಳೇ ಡಾಕ್ಟರಮ್ಮ. ಮರುದಿನ ಬೆಳಗ್ಗೆ ಧೂಳು ಎಬ್ಬಿಸುತ್ತ ಬೈಕಿನಲ್ಲಿ ಬಂದಳು, ಬ್ಯಾಗು ಇಳಿಸುವ ಮೊದಲು ಸಾಹುಕಾರನನ್ನು ಕೋಣೆಯಿಂದ ಹೊರಗೆ ನಡೆಸಲು ಹೇಳಿದಳು. ಟಗರು ಹೆಜ್ಜೆ ಊರಿ ಊರಿ ಇಟ್ಟಿತು. ಅವಳು ಬೆನ್ನೆಲುಬಿನ ಮೇಲೆ ಬೆರಳು ಒತ್ತಿದಳು, ಎಲುಬೇ ಸಿಗಲಿಲ್ಲ. ಗೊರಸು ಮುಟ್ಟಿದಳು, ಬಿಸಿಯಿತ್ತು. ಬೀಜದ ಚೀಲ ಹಿಡಿದು ನೋಡಿದಳು. ಆಮೇಲೆ ಅಕ್ಕನಿಂದ ಬಡಕಲನನ್ನೂ ತರಿಸಿ ಅದೇ ರೀತಿ ನೋಡಿದಳು.

"ಅಣ್ಣಾ, ನಿಮ್ಮ ತೋಳು ಬಿಗಿ ಹಿಡೀರಿ," ಎಂದಳು. ಅವನು ಹಿಡಿದ. "ಮುಟ್ಟಿ ನೋಡ್ಕೊಳ್ಳಿ. ಟಗರಿನ ಬೀಜ ಹೀಗಿರಬೇಕು. ಈಗ ತೋಳು ಸಡಿಲ ಬಿಡಿ. ನಿಮ್ಮ ಸಾಹುಕಾರಂದು ಹೀಗಿದೆ."

ಅವನು ಬಡಕಲನದನ್ನೂ ಮುಟ್ಟಿ ನೋಡಿದ, ಸಾಹುಕಾರನದನ್ನೂ ಮುಟ್ಟಿ ನೋಡಿದ. ಕಣ್ಣಿಗೆ ಎರಡು ತಿಂಗಳಿಂದ ಕಾಣದ್ದು ಕೈಗೆ ಒಂದೇ ಗಳಿಗೆಯಲ್ಲಿ ಗೊತ್ತಾಯಿತು.

ಆದರೂ ಒಂದು ಕೊನೆಯ ಮಾತು ಅವನಲ್ಲಿ ಉಳಿದಿತ್ತು. "ಅಂಥ ಚಳಿ ಮಳೆಯಲ್ಲಿ ಬರೀ ಹುಲ್ಲು ಹಾಕಿದ್ರೆ ಟಗರು ಸೆಟೆದುಹೋಗ್ತಿತ್ತಲ್ಲ ಡಾಕ್ಟರಮ್ಮ. ಕಾಳು ತಾನೇ ಶಕ್ತಿ?"

ಡಾಕ್ಟರಮ್ಮ ಜಗುಲಿಯ ಅಂಚಿಗೆ ಕೂತು ಸಮಾಧಾನದಿಂದ ವಿವರಿಸಿದಳು. ಕುರಿಯ ಹೊಟ್ಟೆ ಒಂದು ಒಲೆಯ ಹಾಗೆ. ಒಣಮೇವು ಅದರೊಳಗೆ ನಿಧಾನಕ್ಕೆ ಉರಿಯುವ ಸೌದೆ. ಚಳಿಮಳೆಯಲ್ಲಿ ಒಳಗಿನಿಂದ ಮೈ ಬೆಚ್ಚಗಿಡುವುದೇ ಅದು. ಒಂದೇ ಸಲಕ್ಕೆ ರಾಶಿ ನುಚ್ಚು ಸುರಿದರೆ ಹೊಟ್ಟೆ ಹುಳಿಯಾಗುತ್ತದೆ, ಆ ಹುಳಿ ಗೊರಸಿಗೆ ಇಳಿದು ನೋವು ಕೊಡುತ್ತದೆ. ಮಿಕ್ಕಿದ್ದು ಕೊಬ್ಬಾಗಿ ಬೀಜದ ಚೀಲದ ಸುತ್ತಲೂ ಕೂರುತ್ತದೆ. ಬೀಜ ಮೈಗಿಂತ ತಂಪಾಗಿರಬೇಕು, ಅದಕ್ಕೇ ಅದು ಕೆಳಗೆ ಜೋತು ಗಾಳಿಗೆ ಆಡುವುದು. ಕೊಬ್ಬಿನ ಕಂಬಳಿ ಹೊದ್ದು, ಕಿಟಕಿ ಮುಚ್ಚಿದ ಕೋಣೆಯಲ್ಲಿ, ಈ ಸೆಕೆಯಲ್ಲಿ ಅದು ಎಲ್ಲಿ ತಂಪಾಗಬೇಕು? ಟಗರಿಗೆ ಆಸೆ ಇತ್ತು, ಹಾರಿತು, ಬಣ್ಣ ಹತ್ತಿತು. ಅದರ ವೀರ್ಯದಲ್ಲಿ ಜೀವವಿರಲಿಲ್ಲ.

"ಕೈತಿಂಡಿ ವಿಷ ಅಂತ ನಾನು ಹೇಳ್ತಾ ಇಲ್ಲ," ಎಂದಳು. "ಮೇವು ಸಾಲದ ದಿನ ಅದು ಬೇಕೇ ಬೇಕು. ಆದ್ರೆ ಮೇವು ಊಟ, ಅದು ಉಪ್ಪಿನಕಾಯಿ. ಮೊದಲ ದಿನ ಒಂದು ಹಿಡಿ. ಎರಡು ಮೂರು ವಾರ ತಗೊಂಡು ನಿಧಾನಕ್ಕೆ ಏರಿಸಬೇಕು. ಇಂಥ ಟಗರಿಗೆ ಎಷ್ಟೇ ಅಂದ್ರೂ ದಿನಕ್ಕೆ ಅರ್ಧ ಕಿಲೋ, ಅದೂ ಎರಡು ಹೊತ್ತಿಗೆ ಹಂಚಿ."

ಸಾಹುಕಾರ ಸರಿಹೋಗುತ್ತಾನೆಯೇ ಎಂದು ಅವನು ಕೇಳಿದ. ಹೋಗುತ್ತಾನೆ, ಆದರೆ ಎರಡು ತಿಂಗಳು ಬೇಕು ಎಂದಳು. ಟಗರು ಇವತ್ತು ತಯಾರಿಸುವ ವೀರ್ಯ ಕೆಲಸಕ್ಕೆ ಬರುವುದು ಎರಡು ತಿಂಗಳ ಮೇಲೆ. ಅದನ್ನು ಯಾವ ಸೂಜಿಯೂ ಅವಸರ ಮಾಡಲಾರದು. ಕುರಿಗಳಿಗೆ ಅಷ್ಟು ದಿನವಿರಲಿಲ್ಲ.

ಅಜ್ಜಿಯೂ ಸೇರಿ ಎಲ್ಲರೂ ಅಕ್ಕನ ಕಡೆ ನೋಡಿದರು. ಅವಸರದಣ್ಣ ನೆಲ ನೋಡಿದ.

"ಅಕ್ಕಾ," ಎಂದ. "ನಿನ್ನ ಬಡಕಲನನ್ನ ಕೊಡ್ತೀಯಾ?"

"ಬಡಕಲ ಅಂತ ಕರೆದದ್ದು ನೀನೇ ತಾನೇ?" ಅಕ್ಕ ಕೇಳಿದಳು. ಅವಳಿಗೂ ಒಳಗೆ ನೋವಿತ್ತು, ಅದನ್ನು ಅವಳು ಮುಚ್ಚಿಡಲಿಲ್ಲ. "ಅಜ್ಜಿ ಮುಖ ನೋಡಿ ಕೊಡ್ತೀನಿ. ನನ್ನ ಹುಲ್ಲೂ ಅದರ ಜೊತೆ ಬರುತ್ತೆ. ಆದ್ರೆ ಮೊದಲು ತೊಳೆದ ಕುರಿ ಯಾವ್ಯಾವು ಅಂತ ಎಲ್ಲರ ಎದುರು ತೋರಿಸು. ಅವು ಮತ್ತೆ ಯಾವಾಗ ಬೆದೆಗೆ ಬರ್ತಾವೆ ಅಂತ ಲೆಕ್ಕ ಬೇಕಲ್ಲ."

ಅದು ನಿಜವಾಗಿ ಬೇಕಾಗಿತ್ತು, ಶಿಕ್ಷೆಯೂ ಆಗಿತ್ತು. ಅವನು ದೊಡ್ಡಿಗೆ ಇಳಿದು ಒಂದೊಂದೇ ಕುರಿಯನ್ನು ಹಿಡಿದು ತೋರಿಸಿದ. ಇದು ಮೊದಲ ದಿನದ್ದು. ಇದು ಮೂರನೆಯ ದಿನದ್ದು. ಅಜ್ಜಿಯ ಕಪ್ಪು ಮೂತಿಯ ಕುರಿಯ ಹತ್ತಿರ ಬಂದಾಗ ಅವನ ದನಿ ಇಳಿಯಿತು. ಆ ನೀಲಿ ಹಾಗೇ ಬಿಟ್ಟು ಮೊದಲ ಬೆಳಗ್ಗೆಯೇ ಕೂಗಿಕೊಂಡಿದ್ದರೆ, ಬಡಕಲ ಅವತ್ತೇ ದೊಡ್ಡಿಗೆ ಬರುತ್ತಿದ್ದ, ಈ ಹನ್ನೊಂದರಲ್ಲಿ ಹೆಚ್ಚಿನವು ಒಂದು ಸುತ್ತು ಕಳೆದುಕೊಳ್ಳುತ್ತಿರಲಿಲ್ಲ.

ಬಡಕಲನ ಎದೆಗೆ ಹಳದಿ ಬಳಿದು ಬಿಟ್ಟರು. ಮತ್ತೆ ಹದಿನೇಳು ದಿನ. ಸಾಹುಕಾರನ ಕೋಣೆಯ ಗೋಣಿಚೀಲ ಕಿತ್ತು ಗಾಳಿ ಬಿಟ್ಟರು. ಒಮ್ಮೆಲೇ ನಿಲ್ಲಿಸದೆ ದಿನಕ್ಕಿಷ್ಟು ಎಂದು ನುಚ್ಚು ಇಳಿಸಿ, ಒಣಮೇವು ಏರಿಸಿದರು. ತಿಂಡಿ ಅಳೆಯುವ ಡಬ್ಬಿಗೆ ಎಲ್ಲಿಯವರೆಗೆ ತುಂಬಬೇಕೆಂದು ಗುರುತು ಬೇಕಿತ್ತು. ಅಜ್ಜಿ ಆ ನೀಲಿ ಹತ್ತಿದ ನೂಲಿನ ಒಂದು ಎಳೆ ಹರಿದು ಡಬ್ಬಿಯ ಸುತ್ತ ಕಟ್ಟಿಕೊಟ್ಟಳು. ದಿನಕ್ಕೆ ಎರಡು ಹೊತ್ತು ಅವನು ಅದನ್ನು ನೋಡಲೇಬೇಕಿತ್ತು.

ನೀಲಿ ಬೀಳದ ಕುರಿಗಳೂ ಒಂದೊಂದಾಗಿ ಮತ್ತೆ ಬೆದೆಗೆ ಬಂದವು, ಹಳದಿ ನಲವತ್ತರಲ್ಲಿ ಮೂವತ್ತೆಂಟಕ್ಕೆ ಬಿತ್ತು. ಉಳಿದ ಎರಡು ಸಾಹುಕಾರನಿಂದಲೇ ಹೇಗೋ ಗಬ್ಬ ನಿಂತಿದ್ದವು. ಅವನು ಈ ಸಲ ಬೀದಿಯಲ್ಲಿ ಯಾರಿಗೂ ಹೇಳಲಿಲ್ಲ. ಹದಿನೆಂಟನೆಯ ದಿನ ತಾನೇ ಮಸಿ ಕಲಸಿ ಬಡಕಲನ ಎದೆಗೆ ಬಳಿದ. ಆ ದಿನಗಳು ಅವನನ್ನು ಕೊಂದುಹಾಕಿದವು. ಬೆಳಗ್ಗೆ ದೊಡ್ಡಿಯ ಬಾಗಿಲು ತೆಗೆಯುವ ಮೊದಲು ಅಕ್ಕನನ್ನೋ ಹೆಂಡತಿಯನ್ನೋ ಕರೆದು ಜೊತೆಗೆ ನಿಲ್ಲಿಸಿಕೊಂಡೇ ತೆಗೆಯುತ್ತಿದ್ದ. ಒಬ್ಬನೇ ನೋಡುವ ಧೈರ್ಯ ತನಗಿಲ್ಲ ಎಂದು ಹೆಂಡತಿಗೆ ಒಪ್ಪಿಕೊಂಡ. ಹದಿನೇಳು ದಿನದಲ್ಲಿ ಕಪ್ಪು ಬಿದ್ದದ್ದು ಎರಡೇ ಕುರಿಗೆ, ಎರಡೂ ಅವನವು. ಅಜ್ಜಿಯ ಒಂಬತ್ತರ ಮೇಲೂ ಹಳದಿಯೇ ಉಳಿಯಿತು. ಅದರಲ್ಲಿ ಅವನು ತೊಳೆದ ಮೂರು ಮಾತ್ರ ತಡವಾಗಿ ಈಯುತ್ತವೆ. ಆ ಮೂರು ಕುರಿಗೂ ಅವುಗಳ ಮರಿಗಳಿಗೂ ಹಸಿಹುಲ್ಲು ಮುಗಿದ ಮೇಲೂ ಮೇವು ತನ್ನದೇ ಎಂದು ಅವನು ಅಜ್ಜಿಗೆ ಹೇಳಿದ. ಹುಲ್ಲು ಹೂವಿಗೆ ಬರುತ್ತಲೇ ಕುಡುಗೋಲು ಮಸೆದ. ಅವನ ಮನೆಯ ಮುಂದಿನ ಕೋಣೆಯೂ ಈಗ ಸೂರಿನವರೆಗೆ ಒಣಹುಲ್ಲು. ಬಾಡಿಗೆ ಎಷ್ಟು ಕೊಡುತ್ತೀಯ ಎಂದು ಅಕ್ಕ ಕೇಳುತ್ತಾಳೆ, ಅವನು ಅಡುಗೆಮನೆಯ ಚಾಪೆಯಿಂದ ನಗುತ್ತಾನೆ.

ಮೊದಲ ಮರಿ ಹುಟ್ಟಿದ ವಾರ ಅಜ್ಜಿ ಮತ್ತೆ ಬಂದು ಜಗುಲಿಯಲ್ಲಿ ಕೂತಳು. ಚೀಲದಿಂದ ಬಿಳಿ ಲಡಿ ತೆಗೆದಳು.

"ಕೈ ತೋರಿಸು," ಎಂದಳು.

ಅವಸರದಣ್ಣ ಎರಡೂ ಅಂಗೈ ಬಿಡಿಸಿ ತೋರಿಸಿದ. ಅಜ್ಜಿ ಹಿಂದೆ ಮುಂದೆ ತಿರುಗಿಸಿ ನೋಡಿ, ಲಡಿ ಸಿಕ್ಕಿಸಿದಳು. ಹಿತ್ತಲಲ್ಲಿ ಮರಿ ಕೂಗುತ್ತಿತ್ತು, ಓಡಿಹೋಗಿ ನೋಡಬೇಕೆಂದು ಅವನ ಕಾಲು ತುಡಿಯಿತು. ಉಂಡೆ ಮುಗಿಯುವವರೆಗೆ ಅವನು ಕದಲಲಿಲ್ಲ.

ಕುರಿ ಸಾಕುವ ಅಕ್ಕಂದಿರೇ, ಅಣ್ಣಂದಿರೇ, ಈ ಕಥೆ ಕೇಳಿ ಎದ್ದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಬೀಜದ ಟಗರಿನ ಬೆನ್ನ ಮೇಲೆ ಕೈಯಿಟ್ಟು ಒತ್ತಿ ನೋಡಿ. ಎಲುಬು ಚುಚ್ಚಲೂ ಬಾರದು, ಹುಡುಕಿದರೆ ಸಿಗದಂತೆಯೂ ಇರಬಾರದು. ಮಳೆಯಿರಲಿ, ಬಿಸಿಲಿರಲಿ, ಮೊದಲು ಮೇವು ಹಾಕಿ, ಆಮೇಲೆ ಅಳತೆಯ ಕೈತಿಂಡಿ. ಒಳ್ಳೆಯ ದಿನಗಳಲ್ಲೇ ಹುಲ್ಲು ಒಣಗಿಸಿ ಕೂಡಿಡಿ. ಶುದ್ಧ ನೀರು, ಉಪ್ಪು, ನೆರಳು, ಗಾಳಿ, ದಿನಕ್ಕೊಂದು ಸುತ್ತು ನಡಿಗೆ ತಪ್ಪಿಸಬೇಡಿ. ಕಾಳು ಹೆಚ್ಚು ತಿಂದ ಟಗರು ಮೂತ್ರ ಬಾರದೆ ನಿಂತು ತಿಣುಕಿದರೆ ಕಲ್ಲು ಕಟ್ಟಿರಬಹುದು, ಆ ಗಳಿಗೆಯೇ ಡಾಕ್ಟರರನ್ನು ಕರೆಯಿರಿ. ಕುರಿಗೆ ಬಿಡುವ ಎರಡು ತಿಂಗಳ ಮೊದಲೇ ಟಗರನ್ನು ತೋರಿಸಿ, ನಿಮ್ಮ ಟಗರಿನ ತೂಕಕ್ಕೆ ಎಷ್ಟು ತಿಂಡಿ ಎಂದು ಕೇಳಿ ಬರೆದುಕೊಳ್ಳಿ.

ಮತ್ತೆ, ಒಂದು ಬೆಳಗ್ಗೆ ನಿಮ್ಮ ಕುರಿಯ ಮೇಲೆ ಬೀಳಬಾರದ ಬಣ್ಣ ಬಿದ್ದಿದ್ದರೆ ಅದನ್ನು ತೊಳೆಯಬೇಡಿ. ಪಕ್ಕದ ಮನೆಯವರನ್ನು ಕೂಗಿ ತೋರಿಸಿ.